ತುಳಸು ಕಚ್ಚಿ ಹಿಡಿದ ಮೀನು

ಕಾರವಾರದಿಂದ ಅಂಕೋಲೆಗೆ ನಾನು ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದೇನೆ. ಆದರೆ ಆ ರಸ್ತೆಯನ್ನು ನೋಡಿದವಳಲ್ಲ. ನಮ್ಮ ಆಂಬುಲೆನ್ಸಿನ ಕಿಟಕಿಗಳಿಗೆ ಮುಕ್ಕಾಲು ಎತ್ತರದವರೆಗೆ ಬಿಳಿ ಬಣ್ಣ ಬಳಿದಿದ್ದರು, ಒಳಗೆ ಮಲಗಿದವರ ಮಾನ ಹೊರಗಿನವರಿಗೆ ಕಾಣಬಾರದಲ್ಲ, ಅದಕ್ಕೆ. ಮೇಲೆ ಒಂದು ಗೇಣು ಗಾಜು ಮಾತ್ರ ಖಾಲಿ. ರೋಗಿಯ ತಲೆಯ ಹತ್ತಿರ, ಡ್ರೈವರನ ಬೆನ್ನಿಗೆ ಬೆನ್ನು ಕೊಟ್ಟು ನಾನು ಕೂರುತ್ತಿದ್ದೆ. ಹಾಗಾಗಿ ಇಡೀ ಕರಾವಳಿ ನನಗೆ ಹಿಂದುಮುಂದಾಗಿ, ಆ ಒಂದು ಗೇಣು ಗಾಜಿನಲ್ಲಿ ಹಾದುಹೋಗಿದೆ. ತೆಂಗಿನ ತಲೆಗಳು, ಗುಡ್ಡದ ನೆತ್ತಿ, ಒಂದಷ್ಟು ಆಕಾಶ. ಬಿಣಗಾ ಹತ್ತಿರ ಬಂದಾಗ ಮಾತ್ರ ಸಮುದ್ರದ ಬೆಳಕು ಗಾಡಿಯ ಒಳಚಾವಣಿಗೆ ಬಂದು ಅಲ್ಲಿ ನಡುಗುತ್ತಿತ್ತು. ಸ್ಟ್ರೆಚರಿನ ಮೇಲೆ ಮಲಗಿದವರೂ ಎಷ್ಟೋ ಸಲ ಅದನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲೂ ಆ ಬೆಳಕು ನಡುಗುತ್ತಿತ್ತು. ಇವತ್ತಿಗೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ನನಗೆ ಮೊದಲು ಬರುವುದು ಅದೇ.

ಈಗ ನಿವೃತ್ತಿಯಾಗಿ ಸದಾಶಿವಗಡದ ಮನೆಯಲ್ಲಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ, ಚಹಾ ಕುಡಿಯುತ್ತಾರೆ, ಕೇಳುತ್ತಾರೆ: "ಮೇಡಂ, ನಿಮ್ಮ ಕಾಲದಲ್ಲಿ ಉಸಿರಿನ ದಾರಿಗೆ ಯಾವ ಯಾವ ಡಿವೈಸ್ ಇತ್ತು?" ಡಿವೈಸಂತೆ! ಎರಡು ಕೈ ಇತ್ತು ಮಕ್ಕಳೇ, ಎರಡು ಕಿವಿ ಇತ್ತು. ಆಮೇಲೆ ಒಂದು ಚೀಲ ಇತ್ತು. ಹೀಗೆ ಅಂದರೆ ಅವರು ನಗುತ್ತಾರೆ, ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದು. ಅದಕ್ಕೇ ಕೂತು ಬರೆದುಬಿಡೋಣ ಅನ್ನಿಸಿತು.

ನಾನು ಮೊದಲು ಆಪರೇಶನ್ ಥಿಯೇಟರಿನಲ್ಲಿ ನರ್ಸು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಆಸ್ಪತ್ರೆಗೆ ಒಂದು ಆಂಬುಲೆನ್ಸು ಬಂತು. ಅದರಲ್ಲಿ ಯಾರು ಹೋಗುವುದು ಎಂಬ ಪ್ರಶ್ನೆ ಎದ್ದಾಗ ಎಲ್ಲರೂ ಗೋಡೆ ನೋಡಿದರು. ಕಾಮತ ಡಾಕ್ಟರು ನನ್ನನ್ನು ನೋಡಿದರು. ಅವರು ಅರಿವಳಿಕೆ ಕೊಡುವ ವೈದ್ಯರು, ಊರ ಜನರ ಬಾಯಲ್ಲಿ 'ಮಲಗಿಸುವ ಡಾಕ್ಟರು'. ಗಿಡ್ಡ ಆಳು, ಮೂಗಿನ ತುದಿಯಲ್ಲಿ ಸಿಟ್ಟು, ಕೆಲಸ ಮಾಡುವಾಗ ಮಾತ್ರ ಒಂದು ನಾಟಕದ ಪದ ಗುನುಗುತ್ತಿದ್ದರು. "ಸುಲಭಾ, ನೀನು ಹೋಗು," ಅಂದರು. "ನಿನಗೆ ಕಿವಿ ಇದೆ." ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಕಿವಿ ಎಂದರೆ ಏನು ಅಂತ ಅವರೇ ಥಿಯೇಟರಿನಲ್ಲಿ ಕಲಿಸಿದರು. ರೋಗಿ ನಿದ್ದೆಗೆ ಜಾರಿದೊಡನೆ ನನ್ನನ್ನು ತಲೆಯ ಹತ್ತಿರ ನಿಲ್ಲಿಸಿ, ಕಣ್ಣು ಮುಚ್ಚು ಅನ್ನುತ್ತಿದ್ದರು. ಎಂತ ಕೇಳ್ತದೆ ಹೇಳು. ಗೊರಕೆಯಂತೆ ಕೇಳಿದರೆ ನಾಲಗೆ ಹಿಂದೆ ಬಿದ್ದಿದೆ, ದವಡೆ ಎತ್ತಬೇಕು. ಹುಕ್ಕಾ ಸೇದಿದಂತೆ ಗೊಳಗೊಳ ಅಂದರೆ ಒಳಗೆ ನೀರೋ ರಕ್ತವೋ ವಾಂತಿಯೋ ಇದೆ, ಹೀರಿ ತೆಗೆಯಬೇಕು. ಸೀಟಿ ಹೊಡೆದಂತೆ ಕೇಳಿದರೆ ದಾರಿ ದಾರದಷ್ಟಾಗಿದೆ, ಆಗ ಎಚ್ಚರ. "ಮತ್ತೆ ಏನೂ ಕೇಳದಿದ್ದರೆ?" ಎಂದು ನಾನು ಕೇಳಿದ್ದೆ. ಡಾಕ್ಟರು ಗುನುಗುವುದನ್ನು ನಿಲ್ಲಿಸಿದರು. "ಆಗ ಕಿವಿಯಿಂದ ಉಪಯೋಗ ಇಲ್ಲ. ಕೈ ಬೇಕು," ಅಂದರು.

ಚೀಲದಲ್ಲಿ ಇದ್ದದ್ದನ್ನೂ ಹೇಳಿಬಿಡುತ್ತೇನೆ. ಕೊಕ್ಕೆಯ ಹಾಗೆ ಬಾಗಿದ ಪ್ಲಾಸ್ಟಿಕ್ ಏರ್‌ವೇಗಳು, ಚಿಕ್ಕ ಮಗುವಿನದರಿಂದ ದೊಡ್ಡ ಗಂಡಸಿನದರವರೆಗೆ. ಬಾಯಿಯ ಮೂಲೆಯಿಂದ ಕಿವಿಯ ಹಾಲೆಯವರೆಗೆ ಅಳೆದು, ಸರಿಯಾದದ್ದನ್ನು ತಲೆಕೆಳಗಾಗಿ ಒಳಗೆ ಬಿಟ್ಟು ತಿರುಗಿಸಿದರೆ ನಾಲಗೆ ಎತ್ತಿಹಿಡಿದು ಕೂರುತ್ತದೆ. ಮೂಗು ಬಾಯಿ ಮುಚ್ಚುವ ಮುಖವಾಡ, ಅದಕ್ಕೆ ಸಿಕ್ಕಿಸಿದ ಅಂಬು ಬ್ಯಾಗು. ಒತ್ತಿದರೆ ನಮ್ಮ ಕೈಯ ಗಾಳಿ ಅವರ ಎದೆಗೆ. ಕಾಲಲ್ಲಿ ತುಳಿಯುವ ಸಕ್ಷನ್ ಪಂಪು. ಆಮೇಲೆ ಎಲ್ಎಂಎ ಎಂಬುದು ಬಂತು, ಗಂಟಲೊಳಗೇ ಹೋಗಿ ಉಬ್ಬಿ ಕೂರುವ ಪುಟ್ಟ ಮುಖವಾಡ. ಅದು ನಮಗೆ ಎಷ್ಟು ಅಪರೂಪದ್ದೆಂದರೆ ತೊಳೆದು, ಬೇಯಿಸಿ, ಒಣಗಿಸಿ, ಮಗುವಿನ ಬಟ್ಟೆಯ ಹಾಗೆ ಮಡಚಿಡುತ್ತಿದ್ದೆವು. ಕೊನೆಗೆ ಜಿಪ್ಪು ಹಾಕಿದ ಪಕ್ಕದ ಜೇಬು. ಅದರಲ್ಲಿ ಲ್ಯಾರಿಂಗೋಸ್ಕೋಪು, ಎಂದರೆ ನಾಲಗೆ ಎತ್ತಿ ಗಂಟಲಿನ ಆಳ ತೋರಿಸುವ ದೀಪದ ಬ್ಲೇಡು. ಜೊತೆಗೆ ಕುತ್ತಿಗೆ ಸೊಟ್ಟಗಿರುವ ಉದ್ದನೆಯ ಇಕ್ಕಳ.

ಆ ಜೇಬಿನ ಬಗ್ಗೆ ಡಾಕ್ಟರದ್ದು ಒಂದೇ ಮಾತು. "ನಾನು ಹೇಳದೆ ಆ ಜಿಪ್ಪು ಎಳೆಯಬೇಡ. ಓಡುವ ಗಾಡಿಯಲ್ಲಿ ಗಡಿಬಿಡಿಯಿಂದ ಬ್ಲೇಡು ಹಾಕಿದರೆ ಹಲ್ಲು ಮುರಿಯುತ್ತದೆ, ಗಂಟಲು ಊದುತ್ತದೆ, ಇದ್ದ ದಾರಿಯೂ ಮುಚ್ಚುತ್ತದೆ. ಫೋನ್ ಮಾಡು. ನಾನು ಹೂಂ ಅಂದರೆ ತೆಗೆ." ನ್ಯಾಯವಾದ ಮಾತೇ. ನಾನು ವರ್ಷಗಟ್ಟಲೆ ಆ ಜಿಪ್ಪಿಗೆ ಕೈ ಹಾಕಿರಲಿಲ್ಲ. ಗಾಡಿ ತೊಳೆಯುವ ದಿನ ಮಾತ್ರ ತೆಗೆದು, ಬಲ್ಬು ಹತ್ತುತ್ತದೋ ನೋಡಿ, ಮತ್ತೆ ಒಳಗಿಡುತ್ತಿದ್ದೆ.

ನಮ್ಮ ಡ್ರೈವರ್ ಪಾಂಡು. ಬೈತಕೋಲದವನು, ದೋಣಿ ಬಿಟ್ಟು ಸ್ಟೇರಿಂಗ್ ಹಿಡಿದವನು. ಗಾಡಿಯನ್ನೂ ದೋಣಿಯ ಹಾಗೇ ಓಡಿಸುತ್ತಿದ್ದ, ಗುಂಡಿ ಬಂದರೆ ಬ್ರೇಕ್ ಹಾಕದೆ ಓರೆ ಮಾಡಿ ಹತ್ತಿಸಿ ಇಳಿಸುತ್ತಿದ್ದ. ನನ್ನನ್ನು 'ಬಾಯಿ' ಅನ್ನುತ್ತಿದ್ದ, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ನಮ್ಮಿಬ್ಬರ ನಡುವೆ ಒಂದು ಸಣ್ಣ ಕಿಂಡಿ. ಹೊರಳಿದರೆ ಅದರ ಮೂಲಕ ನನಗೆ ಅವನ ಒಂದು ಕಿವಿ ಕಾಣುತ್ತಿತ್ತು, ಅವನು ಕನ್ನಡಿಯಲ್ಲಿ ನನ್ನ ಕೈ ನೋಡುತ್ತಿದ್ದ. ಕೈ ನೋಡಿಯೇ ಎಷ್ಟು ಜೋರಾಗಿ ಹೋಗಬೇಕು ಎಂದು ತಿಳಿದುಕೊಳ್ಳುತ್ತಿದ್ದ.

ಶುರುವಿನ ದಿನಗಳ ಒಂದು ಫಜೀತಿ ಹೇಳಲೇಬೇಕು. ಬಂದರಿನ ಹತ್ತಿರ ಒಬ್ಬ ಬಿದ್ದಿದ್ದಾನೆ, ಅಲ್ಲಾಡುತ್ತಿಲ್ಲ ಎಂದು ಕರೆ ಬಂತು. ಹೋಗಿ ನೋಡಿದರೆ ಗೊರಕೆ. ನಾನು ಹೊಸ ಹುರುಪಿನವಳು, ಅಳೆದೆ, ಏರ್‌ವೇ ಹಾಕಿದೆ, ತಿರುಗಿಸಿದೆ. ಆ ಮನುಷ್ಯ ಒಂದು ಕ್ಷಣ ಸುಮ್ಮನಿದ್ದವನು ಓಕರಿಸಿ ಎದ್ದು ಕೂತ. ಬಾಯಿಂದ ಅದನ್ನು ತೆಗೆದು ಹಿಂದೆ ಮುಂದೆ ನೋಡಿ, ತುದಿಗೆ ತುಟಿಯಿಟ್ಟು ಒಮ್ಮೆ ಊದಿದ. "ಬಾಯೋರೆ, ಈ ಸೀಟಿ ಊದೂದಿಲ್ವಲ್ರಾ?" ಅಂದ. ಫೆನ್ನಿ ಸಾರಾಯಿಯ ವಾಸನೆ ಬಂದರಿನ ತುಂಬ. ಪಾಂಡು ನಗು ತಡೆಯಲಾರದೆ ಗಾಡಿಯ ಹಿಂದೆ ಹೋಗಿ ನಿಂತ. ಆದರೆ ಅದರಿಂದ ನಾನು ಕಲಿತದ್ದನ್ನು ಪುಸ್ತಕ ಕಲಿಸಿರಲಿಲ್ಲ. ನಳಿಗೆಯನ್ನು ಸುಮ್ಮನೆ ಒಪ್ಪಿಕೊಂಡವನು ನಿಜವಾಗಿ ಆಳಕ್ಕೆ ಹೋಗಿರುತ್ತಾನೆ. ಒಪ್ಪದವನಿಗೆ ಒತ್ತಾಯ ಮಾಡಬಾರದು. ಅವನ ಗಂಟಲು ಇನ್ನೂ ಅವನನ್ನು ಕಾಯುತ್ತಿದೆ.

ನಮ್ಮ ದೊಡ್ಡ ವೈರಿ ಎಂದರೆ ನೀರು. ಸಮುದ್ರದ ನೀರಲ್ಲ, ಚೊಂಬಿನ ನೀರು. ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿದ್ದ ವರ್ಷಗಳು ಅವು. ರಸ್ತೆಯ ಎರಡೂ ಕಡೆ ಮರಗಳ ಎಲೆ ಕೆಂಪು, ಬಟ್ಟೆ ಕೆಂಪು, ಗಾಯಾಳುಗಳ ರೆಪ್ಪೆಯ ಮೇಲೂ ಕೆಂಪು ಧೂಳು. ಯಾರೇ ಬಿದ್ದರೂ ಮೊದಲು ಬರುವುದು ನೀರಿನ ಚೊಂಬು. ಪಾಪ, ಪ್ರೀತಿಯಿಂದಲೇ ತರುತ್ತಾರೆ. ಹತ್ತಿರದ ಮನೆಯ ಹೆಂಗಸು ಓಡಿ ಬಂದು ಪ್ರಜ್ಞೆಯಿಲ್ಲದವನ ತಲೆಯನ್ನು ತೊಡೆಯ ಮೇಲಿಟ್ಟು ಬಾಯಿಗೆ ನೀರು ಬಿಡುತ್ತಾಳೆ. ಅದು ಹೊಟ್ಟೆಗೆ ಹೋಗದೆ ಶ್ವಾಸಕ್ಕೆ ಹೋಗುತ್ತದೆ. "ನೀರು ಬೇಡ, ನೀರು ಬೇಡ" ಎಂದು ಗಾಡಿ ನಿಲ್ಲುವ ಮೊದಲೇ ನಾನು ಕೂಗುತ್ತಿದ್ದೆ. ಕೆಲವರು ನನ್ನನ್ನು ಕಟುಕಿ ಅಂದರು. "ಒಂದ್ ಗುಟ್ಕ್ ನೀರೂ ಕೊಡೂದಿಲ್ಲಲ, ಎಂತಾ ಹೆಣ್ಣೇ ಇವಳು!" ಅನ್ನಲಿ ಬಿಡಿ. ದವಡೆ ಎತ್ತಿ ಹಿಡಿದು ಕೂತರೆ ಬೈಗುಳವೂ ದೂರದಲ್ಲಿ ಎಲ್ಲೋ ಕೇಳಿದ ಹಾಗಿರುತ್ತದೆ. ಕೈಬೆರಳ ಕೆಳಗೆ ಬಿಸಿಯಾಗಿ ಹೋಗಿ ಬರುವ ಉಸಿರು ಒಂದೇ ಹತ್ತಿರದ್ದು.

ಆ ಉಸಿರಿನ ಜೊತೆ ಬಹಳ ಹೊತ್ತು ಕೂತರೆ ಒಂದು ತರಹದ ಮಂಪರು ಬರುತ್ತದೆ, ಇದನ್ನೂ ಯಾರೂ ಹೇಳಿಕೊಡುವುದಿಲ್ಲ. ಬ್ಯಾಗು ಒತ್ತು, ಬಿಡು. ಒತ್ತು, ಬಿಡು. ಗಾಜಿನಲ್ಲಿ ತೆಂಗಿನ ತಲೆ ಬಂತು, ಹೋಯಿತು. ಸೈರನ್ನು ನಮ್ಮ ಗಾಡಿಯದ್ದೇ ಆದರೂ ಬೇರೆ ಯಾವುದೋ ಊರಿನದು ಅನ್ನಿಸುತ್ತದೆ. ನನ್ನ ಉಸಿರು ಯಾವುದು, ಮಲಗಿದವರದ್ದು ಯಾವುದು ಗೊತ್ತಾಗುವುದಿಲ್ಲ. ಅವರು ತಡೆದರೆ ನಾನೂ ತಡೆಯುತ್ತಿದ್ದೆ. ಮನೆಗೆ ಬಂದ ಮೇಲೆ ನಮ್ಮವರು "ಎಂತಕ್ಕೆ ಹಾಗೆ ನಿಟ್ಟುಸಿರು ಬಿಡ್ತೀಯೇ?" ಎಂದು ಕೇಳುತ್ತಿದ್ದರು. ಅದು ಬೇಸರದ್ದಲ್ಲ, ಬಾಕಿ ಉಳಿದದ್ದು ಎಂದು ಹೇಗೆ ಹೇಳುವುದು?

ಈಗ ತುಳಸುವಿನ ವಿಷಯ. ಇಷ್ಟೆಲ್ಲ ಬರೆದದ್ದು ಅವಳ ಹತ್ತಿರ ಬರುವುದಕ್ಕೇ.

ಅಂಕೋಲೆಯಲ್ಲಿ ಒಬ್ಬ ರೋಗಿಯನ್ನು ಇಳಿಸಿ ಖಾಲಿ ಗಾಡಿಯಲ್ಲಿ ಹಿಂದಿರುಗುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ. ಅವರ್ಸಾ ದಾಟಿ ಹಟ್ಟಿಕೇರಿಯ ಹತ್ತಿರ ಬಂದಾಗ ಹತ್ತು ಹದಿನೈದು ಜನ ರಸ್ತೆಗೆ ಅಡ್ಡ ನಿಂತು ಕೈ ಬೀಸಿದರು. ಮೊಣಕಾಲಿನವರೆಗೆ ಕಪ್ಪು ಕೆಸರು ಎಲ್ಲರಿಗೂ. ಅವತ್ತು ಅಲ್ಲಿ ಗಜನಿ ಬಿಟ್ಟಿದ್ದರು. ಗಜನಿ ಎಂದರೆ ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಮೀನು, ಸಿಗಡಿ. ಗುತ್ತಿಗೆ ಹಿಡಿದವರು ತಮ್ಮದು ಮುಗಿಸಿದ ಮೇಲೆ ಒಂದು ದಿನ ಉಳಿದ ಮೀನನ್ನು ಊರಿಗೇ ಬಿಟ್ಟುಕೊಡುತ್ತಾರೆ. ಆ ದಿನ ಹೆಂಗಸರು, ಮಕ್ಕಳು, ಮುದುಕರು ಎಲ್ಲ ಕೆಸರಿಗೆ ಇಳಿದು ಬರಿಗೈಯಲ್ಲಿ ತಡಕಿ ಹಿಡಿಯುವುದು. ಎಡಗೈಯಲ್ಲಿ ಒಂದು ಮೀನು, ಬಲಗೈ ಕೆಸರಲ್ಲಿ, ಅಷ್ಟರಲ್ಲಿ ಕಾಲ ಬೆರಳಿಗೆ ಇನ್ನೊಂದು ತಾಗಿತು. ಬುಟ್ಟಿ ದೂರ. ಆಗ ಏನು ಮಾಡುತ್ತಾರೆ? ಕೈಯಲ್ಲಿದ್ದ ಮೀನಿನ ತಲೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಅಜ್ಜ ಮುತ್ತಜ್ಜಂದಿರೂ ಹಾಗೇ ಹಿಡಿದದ್ದು. ನಾನೂ ಸಣ್ಣವಳಿದ್ದಾಗ ಕಾಳಿ ಹೊಳೆಯ ದಂಡೆಯಲ್ಲಿ ಹಾಗೆ ಹಿಡಿದವಳೇ.

ತುಳಸು ಹಾಗೆ ಕಚ್ಚಿದ್ದ ಮೀನು ಒಮ್ಮೆ ಜೋರಾಗಿ ಮಿಸುಕಿ ಒಳಗೇ ಜಾರಿತ್ತು. ನಾಲ್ಕು ಬೆರಳು ಉದ್ದದ, ಚಪ್ಪಟೆ, ಬೆನ್ನ ತುಂಬ ಮುಳ್ಳಿನ ಮೀನು.

ಅವಳು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದಕ್ಕೆ ಬಾಗಿ, ಎರಡೂ ಅಂಗೈ ನೆಲಕ್ಕೆ ಊರಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಬಾಯಿಂದ ರಕ್ತ ಬೆರೆತ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಯಾರೋ ಬಾಲ ಹಿಡಿದು ಎಳೆದಿದ್ದರು. ಬಾಲ ಹರಿದು ಕೈಗೆ ಬಂದಿತ್ತು, ಮೀನು ಇನ್ನೂ ಆಳಕ್ಕೆ ಸಿಕ್ಕಿಕೊಂಡಿತ್ತು. ನಾನು ಗಾಡಿಯಿಂದ ಇಳಿದು ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ. ಸೀಟಿ. ಸಣ್ಣ, ಉದ್ದನೆಯ ಸೀಟಿ.

ಸುತ್ತ ಎಲ್ಲರದ್ದೂ ಒಂದೊಂದು ವೈದ್ಯ. "ಬಾಳೆಹಣ್ಣ ನುಂಗ್ಸಿ ಬಾಯೋರೆ, ಜಾರಿ ಹೋಗ್ತದೆ!" "ಅನ್ನದ ಉಂಡೆ ತತ್ತೆ, ತಡೀರಾ." "ಅಂಗಾತ ಮಲಗ್ಸಿ, ಗಾಳಿ ಬರ್ಲಿ." ಒಬ್ಬಾಕೆ ನಿಜವಾಗಿಯೂ ಬಾಳೆಹಣ್ಣು ಸುಲಿದು ಹಿಡಿದಿದ್ದಳು. ನಾನು ಅದನ್ನು ಕಿತ್ತು ಗದ್ದೆಗೆ ಎಸೆದೆ. "ಯಾರಾದ್ರೂ ಅವಳ ಬಾಯಿಗೆ ಎಂತಾದ್ರೂ ಹಾಕಿದ್ರೆ ನೋಡಿ!" ಎಂದು ಕೂಗಿದೆ. ನನ್ನ ಗಂಟಲು ಅಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ.

ಪಾಂಡು ತನ್ನ ಮೊಬೈಲಿನಲ್ಲಿ ಡಾಕ್ಟರಿಗೆ ಹಚ್ಚಿ ನನ್ನ ಕೈಗೆ ಕೊಟ್ಟ. ಅವರು ಗುನುಗಲಿಲ್ಲ. "ಮಲಗಿಸಬೇಡ. ನಳಿಗೆ ಗಿಳಿಗೆ ಏನೂ ಹಾಕಬೇಡ. ಅವಳು ಹೇಗೆ ಕೂತಿದ್ದಾಳೋ ಹಾಗೇ ಕರೆದುಕೊಂಡು ಬಾ. ಅವಳಿಗೆ ಸಿಕ್ಕಿದ ದಾರಿ ಅವಳಿಗೇ ಗೊತ್ತು. ಇಲ್ಲಿ ಎಲ್ಲ ತಯಾರಿಟ್ಟಿರುತ್ತೇನೆ. ಆಗದಿದ್ದರೆ ಕುತ್ತಿಗೆಗೆ ತೂತು ಮಾಡಬೇಕಾದೀತು." ಅಂಕೋಲೆ ಹತ್ತಿರವೇ ಇತ್ತು, ಆದರೆ ಗಂಟಲಿನೊಳಗೆ ಇಳಿಯಬಲ್ಲ ವೈದ್ಯರು ಅವತ್ತು ಇದ್ದದ್ದು ಕಾರವಾರದಲ್ಲಿ.

ಅವಳನ್ನು ಗಾಡಿಗೆ ಹತ್ತಿಸುವಾಗ ಒಬ್ಬ ಎಳೆ ಬಾಣಂತಿ ಓಡಿ ಬಂದಳು. ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿದ್ದಳು, ಎದೆಯ ಮೇಲೆ ಹಸುಗೂಸು. ತುಳಸುವಿನ ಮಗಳು ಮಂಗಲಾ. ಬಾಣಂತಿ ಬಿಸಿಲಿಗೆ ಬರಬಾರದು ಎಂದು ಯಾರೋ ಹಿಡಿದು ಎಳೆಯುತ್ತಿದ್ದರು.

"ಬಾಯೋರೆ, ಆಯಿ ನಂಗೇ ಮೀನ್ ತತ್ತೆ ಹೇಳಿ ಹೋದದ್ರಾ," ಅಂದಳು. "ನಾಡಿದ್ದ್ ಶಿಶೂನ ತೊಟ್ಲಿಗೆ ಹಾಕೂದು. ಕಿವಿಯಲ್ಲಿ ಹೆಸ್ರ ಹೇಳೂದು ಆಯಿನೇ. ಕರ್ಕಂಡ್ ಬನ್ನಿ. ಕರ್ಕಂಡೇ ಬನ್ನಿ."

ನಾನು ಗಾಡಿ ಹತ್ತಿದೆ. ಈ ಕೆಲಸದಲ್ಲಿ ಮಾತು ಕೊಡಬಾರದು. ಬಾಗಿಲು ಮುಚ್ಚಿತು.

ತುಳಸು ಸ್ಟ್ರೆಚರಿನ ಮೇಲೆ ಬಾಗಿ ಕೂತು ನನ್ನ ಎರಡೂ ಮುಂಗೈ ಹಿಡಿದಳು. ಕೆಸರಿನ ಕೈ, ಮೀನಿನ ವಾಸನೆ. ಮುಖದ ಹತ್ತಿರ ಆಮ್ಲಜನಕದ ಕೊಳವೆ ಹಿಡಿದು ಕೂತೆ, ಅಷ್ಟೇ ನಾನು ಮಾಡಬಹುದಾಗಿದ್ದದ್ದು. ಚೀಲದ ತುಂಬ ಸಾಮಾನು, ಒಂದೂ ಉಪಯೋಗಕ್ಕಿಲ್ಲ. ಏರ್‌ವೇ ಹಾಕಿದರೆ ಮೀನನ್ನು ಕೆಳಗೆ ನೂಕುತ್ತದೆ. ಎಲ್ಎಂಎ ಕೂರುವ ಜಾಗದಲ್ಲೇ ಮೀನು ಕೂತಿದೆ. ಬ್ಯಾಗು ಒತ್ತಿದರೆ ಗಾಳಿ ಹೋಗುವುದೆಲ್ಲಿಗೆ? ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಉಸಿರಾಡಿದಳು. ನಾನೂ ಅವಳ ಜೊತೆ ಸೀಟಿ ಊದಿದ ಹಾಗೆ ಉಸಿರು ಎಳೆದೆ. ಗಾಜಿನಲ್ಲಿ ತೆಂಗಿನ ತಲೆಗಳು ಬಂದವು, ಹೋದವು. ಅಮದಳ್ಳಿಯ ತೆಂಗುಗಳು, ಆಮೇಲೆ ತೋಡೂರಿನವು. ಪಾಂಡು ಒಂದು ಗುಂಡಿಯನ್ನೂ ನಮಗೆ ತಿಳಿಯಗೊಡಲಿಲ್ಲ. ಎಲ್ಲವೂ ನಿಧಾನವಾದಂತೆ, ನೀರಿನೊಳಗೆ ಗಾಡಿ ಹೋಗುತ್ತಿರುವಂತೆ ಇತ್ತು. ಹೆದರಿಕೆಯೂ ಇರಲಿಲ್ಲ. ಸೀಟಿಯೊಂದೇ ಇತ್ತು.

ಗುಡ್ಡದ ತಿರುವು ಬಂತು. ಚಾವಣಿಯ ಮೇಲೆ ಸಮುದ್ರದ ಬೆಳಕು ಬಂದು ನಡುಗಿತು. ತುಳಸು ಒಮ್ಮೆ ಅದನ್ನು ನೋಡಿದಳು. ನನ್ನ ಮುಂಗೈ ಹಿಡಿದಿದ್ದ ಅವಳ ಬೆರಳುಗಳು ಸಡಿಲಾದವು. ಸೀಟಿ ನಿಂತಿತು.

"ಪಾಂಡೂ, ನಿಲ್ಲಿಸು! ಫೋನ್ ಹಚ್ಚು!"

ಗಾಡಿ ಪಕ್ಕಕ್ಕೆ ನಿಂತಿತು. ಪಾಂಡು ಫೋನನ್ನು ಕಿಟಕಿಯಾಚೆ ಚಾಚಿ ಹಿಡಿದು ನೋಡಿದ. "ಇಲ್ಲಿ ಸಿಗೂದಿಲ್ಲ ಬಾಯಿ. ಗುಡ್ಡದ ಆಚೆ ಹೋಗ್ಬೇಕು." ಗುಡ್ಡದ ಆಚೆ ಹೋಗುವಷ್ಟು ಹೊತ್ತು ತುಳಸುವಿಗೆ ಇರಲಿಲ್ಲ. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ನಾನು ಜಿಪ್ಪು ಎಳೆದೆ.

ಈಗ ಮಲಗಿಸಬಹುದು, ಕೂತು ಕಾಪಾಡಿಕೊಳ್ಳುವುದಕ್ಕೆ ಅವಳಲ್ಲಿ ಉಸಿರಿನ ದಾರಿಯೇ ಉಳಿದಿರಲಿಲ್ಲ. ತಲೆ ಹಿಂದೆ ಮಾಡಿ ಬ್ಲೇಡು ಬಿಚ್ಚಿದೆ. ಬಲ್ಬು ಮಿಣಿಮಿಣಿ ಎಂದು ಆರಿತು. ಹಾಳು ಬಲ್ಬು! ತಿರುಗಿಸಿ ಬಿಗಿ ಮಾಡಿದೆ, ಹತ್ತಿತು. ನಾಲಗೆ ಎತ್ತಿದೆ. ಗಂಟಲಿನ ಕೆಂಪಿನ ನಡುವೆ ಬೆಳ್ಳಿಯ ಹೊಳಪು. ಹರಿದ ಬಾಲದ ಮೊಂಡು ನನ್ನ ಕಡೆ, ತಲೆ ಆಳಕ್ಕೆ. ಇಕ್ಕಳದಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಎಳೆದಷ್ಟೂ ಬೆನ್ನಿನ ಮುಳ್ಳುಗಳು ಕೊಡೆಯ ಹಾಗೆ ಬಿಚ್ಚಿಕೊಂಡು ಗಂಟಲಿಗೆ ನಾಟುತ್ತಿದ್ದವು.

ಆಗ ನನ್ನ ಕೈ ನಿಂತಿತು. ಯೋಚನೆಯಲ್ಲ ಅದು, ಕೈಗೇ ನೆನಪಾದದ್ದು. ಈಳಿಗೆಯ ಮುಂದೆ ಕೂತು ಮೀನು ಮಾಡಿದವರಿಗೆಲ್ಲ ಗೊತ್ತು, ಮುಳ್ಳಿನ ಮೀನನ್ನು ಬಾಲದಲ್ಲಿ ಹಿಡಿಯುವುದಿಲ್ಲ. ಬೆನ್ನನ್ನೇ ಮುಳ್ಳಿನ ಸಮೇತ ಅದುಮಿ ಮಡಚಿ ಹಿಡಿದರೆ ಅದು ಸುಮ್ಮನಾಗುತ್ತದೆ. ಪ್ರತಿದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಾಡುವ ಕೆಲಸ. ಇಕ್ಕಳ ಬಿಟ್ಟೆ. ಬಾಲ ದಾಟಿಸಿ ಇನ್ನೂ ಒಳಗೆ ಇಳಿಸಿದೆ. ಮೀನನ್ನು ಕೂದಲಷ್ಟು ಮುಂದಕ್ಕೆ ನೂಕಿದೆ, ಹೌದು, ಒಳಕ್ಕೆ. ಮುಳ್ಳು ಬಿಡಿಸಿಕೊಂಡು ಮಲಗಿತು. ಮಲಗಿದ ಮುಳ್ಳುಗಳ ಮೇಲೆಯೇ ಇಕ್ಕಳ ಮುಚ್ಚಿ, ಬಿಗಿಯಾಗಿ ಅದುಮಿ, ಅರ್ಧ ತಿರುಗಿಸಿ, ಮೆತ್ತಗೆ ಎಳೆದೆ.

ಬಂತು.

ಆದರೆ ತುಳಸು ಉಸಿರಾಡಲಿಲ್ಲ. ದವಡೆ ಎತ್ತಿ ಮುಖವಾಡ ಒತ್ತಿ ಹಿಡಿದು ಬ್ಯಾಗು ಒತ್ತಿದೆ. ಎದೆ ಎದ್ದಿತು, ಇಳಿಯಿತು. ಒತ್ತು, ಬಿಡು. ಚಾವಣಿಯ ಮೇಲೆ ಬೆಳಕು ಆಡುತ್ತಿತ್ತು. ಪಾಂಡು ಹಿಂದಿನ ಬಾಗಿಲಲ್ಲಿ ನಿಂತು ದೇವರ ಹೆಸರು ಹೇಳುತ್ತಿದ್ದ, ಒಂದಾದ ಮೇಲೆ ಒಂದು, ಯಾರನ್ನೂ ಬಿಡದೆ. ಬಾ ಮಾರಾಯ್ತಿ, ಬಾ, ಎಂದು ನಾನು ಹೇಳುತ್ತಿದ್ದೆನಂತೆ. ನನಗೆ ನೆನಪಿಲ್ಲ. ಎಷ್ಟು ಹೊತ್ತೋ ಅದೂ ಗೊತ್ತಿಲ್ಲ. ಒಮ್ಮೆ ಮುಖವಾಡದ ಒಳಗಿಂದ ಯಾರೋ ನನ್ನ ಅಂಗೈಯನ್ನು ದೂಡಿದ ಹಾಗಾಯಿತು. ಕೆಮ್ಮು! ಆಮೇಲೆ ಇನ್ನೊಂದು. ಆಮೇಲೆ ಒರಟಾದ, ಹರಿದ, ಆದರೆ ಅವಳದ್ದೇ ಆದ ಉಸಿರು. ನಾನು ಅತ್ತೆ. ಯಾಕೆ ಮುಚ್ಚಿಡಲಿ? ಬ್ಯಾಗು ಹಿಡಿದುಕೊಂಡೇ ಗೊಳೋ ಎಂದು ಅತ್ತೆ.

"ಬಾಯಿ," ಎಂದ ಪಾಂಡು, ಮೂಗು ಒರೆಸಿಕೊಳ್ಳುತ್ತ. "ರೋಗಿಗಳು ಇಬ್ರು, ಉಳ್ದದ್ದು ಒಬ್ಳೇ." ಟ್ರೇಯಲ್ಲಿ ಮೀನು ಅಲ್ಲಾಡದೆ ಬಿದ್ದಿತ್ತು.

ಆಸ್ಪತ್ರೆಯ ಬಾಗಿಲಲ್ಲೇ ಕಾಮತ ಡಾಕ್ಟರು ಕೈಗವಸು ಹಾಕಿ ನಿಂತಿದ್ದರು. ಟ್ರೇ ನೋಡಿದರು, ನನ್ನನ್ನು ನೋಡಿದರು. "ಜಿಪ್ಪು ಎಳೆದೆಯಾ?" "ಎಳೆದೆ." "ನನ್ನನ್ನು ಕೇಳದೆ?" "ಫೋನ್ ಸಿಗಲಿಲ್ಲ. ಸಿಕ್ಕಿದ್ದರೂ ನೀವು ಹೂಂ ಅನ್ನುವ ತನಕ ಅವಳು ಇರುತ್ತಿರಲಿಲ್ಲ." ಅಷ್ಟು ಮಾತು ನಾನು ಅವರಿಗೆ ಎಂದೂ ಆಡಿರಲಿಲ್ಲ. ಅವರು ತುಳಸುವಿನ ಬಾಯಿ ತೆರೆಸಿ ಬಹಳ ಹೊತ್ತು ನೋಡಿದರು. "ಗೀರು ಇದೆ, ಊತ ಇದೆ. ಕುತ್ತಿಗೆಗೆ ತೂತು ಬೇಡ. ಹಲ್ಲೆಲ್ಲ ಇದೆ," ಅಂದರು. ಆಮೇಲೆ ಬೆನ್ನು ತಿರುಗಿಸಿ, "ನಾಳೆ ಬಂದು ಆ ಬಲ್ಬು ಬದಲಾಯಿಸು. ಮುಂದೆ ಜಿಪ್ಪಿಗೆ ನನ್ನ ಅಪ್ಪಣೆ ಬೇಡ," ಎಂದು ಹೋದರು. ಹೋಗುತ್ತ ಗುನುಗುತ್ತಿದ್ದರು. ನನಗೆ ಸಿಕ್ಕ ಪ್ರಮೋಶನ್ನುಗಳನ್ನು ನಾನು ಮರೆತಿದ್ದೇನೆ, ಆ ಗುನುಗು ಮರೆತಿಲ್ಲ.

ಸಂಜೆ ವಾರ್ಡಿಗೆ ಹೋದಾಗ ತುಳಸು ಗೋಡೆಗೆ ಒರಗಿ ಕೂತಿದ್ದಳು. ಮಾತಾಡಬಾರದು ಎಂದು ಹೇಳಿದ್ದರು. ನನ್ನನ್ನು ಹತ್ತಿರ ಕರೆದು, ತಗಡು ಕೆರೆದ ದನಿಯಲ್ಲಿ ಅವಳು ಆಡಿದ ಮೊದಲ ಮಾತು: "ಮೀನೆಲ್ಲಿ?"

"ಏನು?"

"ಆ ಮೀನೆಲ್ಲಿ ಬಾಯೋರೆ? ಅದ್ ನನ್ ಮಗಳಿಗೆ ಹಿಡ್ದದ್ದು."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ! "ಮತ್ತೆ ಮೀನು ಬಾಯಲ್ಲಿ ಹಿಡಿದರೆ ನೋಡು," ಎಂದು ಆಣೆ ಹಾಕಿಸಿದೆ. ಮೊಮ್ಮಗಳ ಮೇಲೆ ಆಣೆ ಮಾಡಿದಳು. ತೊಟ್ಟಿಲಿಗೆ ಹಾಕುವ ದಿನ ಅವಳು ಮನೆಯಲ್ಲಿದ್ದಳು. ಪಾಂಡು ಹೋಗಿದ್ದ, ನಾನು ಕೆಲಸದ ಮೇಲಿದ್ದೆ. ಅಜ್ಜಿ ಕಿವಿಯಲ್ಲಿ ಹೆಸರು ಹೇಳಿದಾಗ ಆ ಒಡಕು ದನಿಗೆ ಮಗು ಬೆಚ್ಚಿ ಅತ್ತಿತಂತೆ, ಸೇರಿದವರೆಲ್ಲ ನಕ್ಕರಂತೆ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆಂದು ಅಂಕೋಲೆಯ ಬಸ್ಸು ಹತ್ತಿದೆ. ಡ್ರೈವರನ ಹಿಂದಿನ ಸೀಟು ಸಿಕ್ಕಿತು, ಮುಂದೆ ಮುಖ ಮಾಡಿ. ಒಂದೂ ಗುರುತಾಗಲಿಲ್ಲ ನನಗೆ. ರಸ್ತೆ ಅಗಲವಾಗಿತ್ತು, ಗುಡ್ಡ ಕಡಿದಿದ್ದರು. ಅದಿರಲಿ, ಎಲ್ಲವೂ ಎದುರಿನಿಂದ ಬರುತ್ತಿತ್ತಲ್ಲ! ಕಣ್ಣು ಮುಚ್ಚಿದೆ. ಆಗ ತಿರುವುಗಳು ಬಂದವು, ರೆಪ್ಪೆಯ ಮೇಲೆ ಸಮುದ್ರದ ಬೆಳಕು ಬಂತು, ಒಂದು ಉದ್ದನೆಯ ಸೀಟಿ ಕೇಳಿದ ಹಾಗಾಯಿತು. ಹಟ್ಟಿಕೇರಿಯಲ್ಲಿ ಕಣ್ಣು ಬಿಟ್ಟಾಗ ಗಜನಿಯಲ್ಲಿ ಜನ. ಅವತ್ತೇ ಬಿಟ್ಟಿದ್ದರು. ಮದುವೆ ಎಲ್ಲೂ ಓಡಿ ಹೋಗುವುದಿಲ್ಲ ಎಂದು ಇಳಿದೆ.

ಕಟ್ಟೆಯ ಮೇಲೆ ನಿಂತು ಹುಡುಕಿದೆ. ದೂರವೇನಿಲ್ಲ, ಹತ್ತಿರದಲ್ಲೇ ತುಳಸು. ಕೂದಲು ಬೆಳ್ಳಗಾಗಿದೆ, ಬೆನ್ನು ಗಟ್ಟಿಯಿದೆ. ಎರಡೂ ಕೈ ಮೊಣಕೈವರೆಗೆ ಕೆಸರಿನಲ್ಲಿ. ಮತ್ತು ಹಲ್ಲಿನ ನಡುವೆ, ಬಿಸಿಲಿಗೆ ಹೊಳೆಯುತ್ತ, ಬಾಲ ಬಡಿಯುತ್ತ ಒಂದು ಮೀನು.

"ತುಳಸೂ!"

ಅವಳು ತಲೆ ಎತ್ತಿದಳು. ಗುರುತು ಹಿಡಿದಳು. ಬಾಯಿ ತುಂಬಿತ್ತು, ಕೈ ತುಂಬಿತ್ತು; ಕಣ್ಣಲ್ಲೇ ನಕ್ಕಳು. ಕೆಸರಿನಿಂದ ಇನ್ನೊಂದನ್ನು ಎತ್ತಿ ಬುಟ್ಟಿಗೆ ಹಾಕಿ, ಆಮೇಲೆ ಹಲ್ಲಿನದನ್ನು ತೆಗೆದಳು.

"ಅಡ್ಡ ಕಚ್ಚಿದ್ದೆ ಬಾಯೋರೆ, ಉದ್ದ ಅಲ್ಲ. ಅಡ್ಡ ಹಿಡ್ದ್ರೆ ಒಳಗೆ ಹೋಗೂದಿಲ್ಲ," ಅಂದಳು. ದನಿ ಇನ್ನೂ ಒಡಕೇ.

"ಮೊಮ್ಮಗಳ ಮೇಲೆ ಆಣೆ ಮಾಡಿದ್ದೆಯಲ್ಲೇ! ನಾಚಿಕೆ ಆಗೂದಿಲ್ವನೇ ನಿಂಗೆ?"

"ಎಂತಾ ಮಾಡೂದ್ರಾ? ಆ ಮೊಮ್ಮಗಳಿಗೇ ಮೀನ್ ಬೇಕು. ದೇವ್ರ ಕೈ ಎರಡೇ ಕೊಟ್ಟದ್ದು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಾಲಿಗೆ ಇನ್ನೇನೋ ತಾಗಿತು. ಕೈಯಲ್ಲಿದ್ದ ಮೀನು ಮತ್ತೆ ಬಾಯಿಯ ಕಡೆ ಹೊರಟಿತು. ನನಗೆ ಬೈಯುವುದಕ್ಕೂ ಪುರುಸೊತ್ತಾಗಲಿಲ್ಲ. ಚಪ್ಪಲಿ ಕಟ್ಟೆಯ ಮೇಲೆ ಬಿಟ್ಟೆ. ಮದುವೆಗೆಂದು ಉಟ್ಟ ರೇಶ್ಮೆ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ತಣ್ಣನೆಯ ಕೆಸರಿಗೆ ಇಳಿದು ಅವಳ ಹತ್ತಿರ ಹೋಗಿ ಕೈ ಚಾಚಿದೆ.

"ಇಲ್ಲಿ ಕೊಡು," ಅಂದೆ. "ನಾನು ಹಿಡ್ಕಂಡ್ ನಿಲ್ತೆ."

ಅವಳು ಕೊಟ್ಟಳು. ಬೆನ್ನಿನ ಮುಳ್ಳು ಮಡಚಿ ಬಿಗಿಯಾಗಿ ಹಿಡಿದುಕೊಂಡೆ. ತುಳಸು ಬಗ್ಗಿ ಎರಡೂ ಕೈ ಕೆಸರಿಗೆ ಇಳಿಸಿದಳು, ಬಾಯಿ ಖಾಲಿ, ಉಸಿರು ಬುಸುಬುಸು ಎನ್ನುತ್ತಿತ್ತು. ಉಬ್ಬರದ ನೀರು ಹತ್ತುವವರೆಗೆ ನಾನು ಅಲ್ಲೇ ನಿಂತು ಕೇಳುತ್ತಿದ್ದೆ.